ಆ ಒಂದು ಕಿಲೋ ನೀರೋ, ಮಾಂಸವೋ? ಡಯಾಲಿಸಿಸ್‌ನವರಿಗೆ ಯಾವ ಅಳತೆ ಯಾವಾಗ ಬೇಕು

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಈಚೆಗೆ ನನ್ನನ್ನು ಪದೇಪದೇ ಕೇಳುವುದು ಒಂದೇ ಪ್ರಶ್ನೆ. ‘ಒಬ್ಬ ಡಾಕ್ಟರು ಶ್ವಾಸಕೋಶದ ಸ್ಕ್ಯಾನ್ ಮಾಡಿಸಿ ಅಂತಾರೆ. ಇನ್ನೊಂದು ಕಡೆ ಕೈಗೆ ಕಾಲಿಗೆ ವೈರ್ ಹಚ್ಚಿ ಮೈಯಲ್ಲಿರುವ ನೀರು ಅಳೆಯುವ ಮೆಷಿನ್ ಇದೆಯಂತೆ. ನಮ್ಮ ಯೂನಿಟ್‌ನಲ್ಲಿ ಬರೀ ತೂಕ, ಬಿಪಿ ನೋಡ್ತಾರೆ. ಅಷ್ಟೇ ಸಾಕಾ, ದುಡ್ಡು ಖರ್ಚು ಮಾಡಬೇಕಾ?’

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಬೆಳಗ್ಗೆ ಮೊದಲ ಶಿಫ್ಟಿನವರನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸುವುದರಿಂದ ನನ್ನ ದಿನ ಶುರುವಾಗುತ್ತದೆ. ತೂಕದ ಮೇಲೆ ಲೆಕ್ಕ ಹಾಕಿ ‘ಇವತ್ತು ಎರಡೂವರೆ ಲೀಟರ್ ತೆಗೀಬೇಕು’ ಅಂತ ಮೆಷಿನ್‌ಗೆ ಹೇಳುವುದೂ ನಾವೇ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಒಬ್ಬ ಅಮ್ಮನಿಂದ ಕಲಿತೆ.

ಅವರು ವಾರಕ್ಕೆ ಎರಡು ಸಲ ಬರುತ್ತಿದ್ದರು. ಡ್ರೈ ವೆಯ್ಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, 52 ಕಿಲೋ ಅಂತ ಫೈಲಿನಲ್ಲಿ ಬರೆದಿತ್ತು. ಮೂರು ತಿಂಗಳು ನಾವು ಅವರನ್ನು ಸರಿಯಾಗಿ 52ಕ್ಕೆ ತಂದು ಮನೆಗೆ ಕಳಿಸಿದೆವು. ಬಿಪಿ ಮಾತ್ರ ಏರುತ್ತಲೇ ಹೋಯಿತು. ಒಂದು ಮಾತ್ರೆ ಮೂರಾಯಿತು. ಒಂದು ದಿನ ಸೂಜಿ ಹಾಕಲು ಕೂತಾಗ ಅವರು ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿ ಮಾಡಿದ ಜಾಗ, ಇಲ್ಲದ ಕೈ ಎತ್ತಿ ಸೆರಗು ಸರಿ ಮಾಡಿಕೊಂಡರು. ಹಸಿರು ಗಾಜಿನ ಬಳೆಗಳು ಗಲಗಲ ಅಂತ ಮೊಣಕೈವರೆಗೂ ಜಾರಿದವು. ಮೊದಲು ಅವು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಬಂದು ನಿಲ್ಲುತ್ತಿದ್ದವು. ರವಿಕೆಯ ತೋಳು ಸಡಿಲವಾಗಿತ್ತು. ಕೇಳಿದರೆ, ‘ಮುದ್ದೆ ಎರಡು ತುತ್ತು ಇಳಿಯಲ್ಲ, ಬಾಯಿಗೆ ಏನೂ ಸೇರಲ್ಲ’ ಅಂದರು. ಮೈಯ ಮಾಂಸ ಕರಗಿತ್ತು. ಆ ಜಾಗಕ್ಕೆ ನೀರು ಬಂದು ಕೂತಿತ್ತು. ತಕ್ಕಡಿಗೆ ಎರಡೂ ಒಂದೇ, 52 ಅಂದರೆ 52. ಡ್ರೈ ವೆಯ್ಟ್ ಬದಲಾಗುವ ಮೊದಲೇ, ಆ ವಾರದ ಒಂದು ರಾತ್ರಿ, ಮಲಗಲು ಆಗದೆ ಏದುಸಿರು ಬಿಡುತ್ತ ಎಮರ್ಜೆನ್ಸಿಗೆ ಬಂದರು.

ಇದರ ತಿರುಗುಮುರುಗು ಕೂಡ ನಡೆಯುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಕೆಲವರಿಗೆ ಹಸಿವು ಬರುತ್ತದೆ, ಮೈ ತುಂಬಿಕೊಳ್ಳುತ್ತದೆ. ಹಳೆಯ ಡ್ರೈ ವೆಯ್ಟ್‌ಗೇ ಎಳೆದರೆ ಇರುವ ನೀರನ್ನೂ ಹಿಂಡಿದ ಹಾಗೆ. ಕಾಲು ಹಿಡಿದುಕೊಳ್ಳುತ್ತದೆ, ಬಿಪಿ ಬೀಳುತ್ತದೆ, ಮನೆಗೆ ಹೋದವರು ಮಾರನೇ ದಿನದವರೆಗೆ ಏಳುವುದಿಲ್ಲ.

ಯಾವ ಪರೀಕ್ಷೆಯಾದರೂ ಸರಿ, ಅದರ ಮುಂದೆ ನಾನು ಇಡುವ ಮೊದಲ ಪ್ರಶ್ನೆ ಇದು: ಈ ಕಿಲೋ ನೀರೋ, ಮಾಂಸವೋ, ಕೊಬ್ಬೋ ಅಂತ ಇದು ಬೇರೆ ಮಾಡಿ ಹೇಳುತ್ತದಾ? ಎರಡನೆಯದು, ತಿಂಗಳು ತಿಂಗಳು ಮಾಡಿಸಲು ಕೈಗೆಟುಕುತ್ತದಾ? ಒಂದೇ ಸಲ ಮಾಡಿಸಿ ಫೈಲಿನಲ್ಲಿ ಇಟ್ಟರೆ ಅದರಿಂದ ಪ್ರಯೋಜನ ಕಡಿಮೆ. ಮೂರನೆಯದು, ನಿಮ್ಮವರಿಗೆ ಅದು ಹೊಂದುತ್ತದಾ? ಪೇಸ್‌ಮೇಕರ್ ಇದೆಯಾ, ಕಾಲು ತೆಗೆದಿದ್ದಾರಾ, ಹೃದಯ ದುರ್ಬಲವಾ? ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಉತ್ತರ ಬಂದ ಮೇಲೆ ಯಾರಾದರೂ ಡ್ರೈ ವೆಯ್ಟ್ ಬದಲಿಸುತ್ತಾರಾ? ಬದಲಿಸುವವರೇ ಇಲ್ಲದಿದ್ದರೆ ಪರೀಕ್ಷೆಗೆ ಸುಮ್ನೆ ದುಡ್ಡು ದಂಡ.

ತೂಕ, ಬಿಪಿ, ಕಣ್ಣು, ಕೈ

ಎಲ್ಲ ಯೂನಿಟ್‌ನಲ್ಲೂ ಇರುವುದು ಇದೇ. ‘ಬರೀ ಇಷ್ಟೇನಾ’ ಅನ್ನಬೇಡಿ. ಇದನ್ನು ಚೆನ್ನಾಗಿ ಮಾಡಿದರೆ ದೊಡ್ಡ ಫಲ ಸಿಗುತ್ತದೆ. 2009ರಲ್ಲಿ ಅಮೆರಿಕದಲ್ಲಿ ಬಿಪಿ ಜಾಸ್ತಿ ಇದ್ದ 150 ಡಯಾಲಿಸಿಸ್ ರೋಗಿಗಳ ಮೇಲೆ ಒಂದು ಅಧ್ಯಯನ ಆಯಿತು, ಡ್ರಿಪ್ ಅಂತ ಅದರ ಹೆಸರು. ಯಾವ ಹೊಸ ಮೆಷಿನ್ನೂ ಇಲ್ಲ. ಲಕ್ಷಣ ನೋಡಿಕೊಂಡು ಡ್ರೈ ವೆಯ್ಟನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು, ಅಷ್ಟೇ. ಎಂಟು ವಾರದಲ್ಲಿ ತೂಕ ಸುಮಾರು ಒಂದು ಕಿಲೋ ಇಳಿಯಿತು. ಹಾಗೇ ಬಿಟ್ಟವರಿಗೆ ಹೋಲಿಸಿದರೆ ಮೇಲಿನ ಬಿಪಿ 6ರಿಂದ 7 ಅಂಕ ಜಾಸ್ತಿ ಇಳಿಯಿತು.

ಆದರೆ ಇದಕ್ಕೆ ಮಿತಿಗಳೂ ಇವೆ. ಪಾದ ಒತ್ತಿದರೆ ಗುಳಿ ಬೀಳುವಷ್ಟು ಬಾವು ಕಾಣುವ ಹೊತ್ತಿಗೆ ಮೈಯಲ್ಲಿ ಎರಡು ಮೂರು ಲೀಟರ್ ಹೆಚ್ಚಾಗಿ ಸೇರಿರುತ್ತದೆ. ಬಾವು ಇಲ್ಲ ಅಂದ ಮಾತ್ರಕ್ಕೆ ನೀರಿಲ್ಲ ಅಂತಲ್ಲ. ಬಾವು ಇದೆ ಅಂದರೆ ನೀರೇ ಅಂತಲೂ ಅಲ್ಲ. ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುತ್ತಾರೆ. ಅದೇ ಕಾಲು ಬಾವು ತರುತ್ತದೆ. ಹಾಸಿಗೆ ಹಿಡಿದವರಲ್ಲಿ ನೀರು ಪಾದಕ್ಕೆ ಇಳಿಯದೆ ಸೊಂಟದ ಹಿಂದೆ ನಿಲ್ಲುತ್ತದೆ, ಅಲ್ಲಿ ಒತ್ತಿ ನೋಡಬೇಕು.

ತೂಕದಲ್ಲೇ ಆಗುವ ತಪ್ಪುಗಳನ್ನು ನಾನು ದಿನಾ ನೋಡುತ್ತೇನೆ. ಚಳಿಗಾಲದಲ್ಲಿ ಸ್ವೆಟರ್, ಮಫ್ಲರ್, ಜೇಬಿನಲ್ಲಿ ಮೊಬೈಲು, ಬೀಗದ ಕೈ. ಬಂದಾಗ ಚಪ್ಪಲಿ ಹಾಕಿಕೊಂಡು ನಿಂತವರು ಹೋಗುವಾಗ ಬರಿಗಾಲಲ್ಲಿ ನಿಲ್ಲುತ್ತಾರೆ. ಮಧ್ಯೆ ಎರಡು ಇಡ್ಲಿ, ಒಂದು ಲೋಟ ಕಾಫಿ ಆದರೆ ಮುನ್ನೂರು ಗ್ರಾಂ ಹತ್ತಿರ ಸೇರಿತು. ಕೊನೆಯಲ್ಲಿ ರಕ್ತ ವಾಪಸ್ ಕೊಡುವಾಗ ಹೋಗುವ ಸಲೈನ್ ಇನ್ನೊಂದು ಇನ್ನೂರು ಮುನ್ನೂರು ಎಂಎಲ್. ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯದಿದ್ದರೆ ದಿನಕ್ಕೆ ಅರ್ಧ ಲೀಟರ್ ಅಲ್ಲೇ ತಪ್ಪುತ್ತದೆ. ಒಂದೇ ಮೆಷಿನ್, ಅದೇ ತರಹದ ಬಟ್ಟೆ, ಬರಿಗಾಲು. ಖರ್ಚೇ ಇಲ್ಲದ ಸುಧಾರಣೆ ಇದು, ಉಳಿದೆಲ್ಲ ಅಳತೆಗೂ ಇದೇ ಅಡಿಪಾಯ.

ತೂಕ ಬಿಪಿಯ ದೊಡ್ಡ ಕೊರತೆ ಮೊದಲ ಪ್ರಶ್ನೆಯಲ್ಲೇ ಇದೆ. ನೀರು, ಮಾಂಸ ಬೇರೆ ಮಾಡಲು ಅದಕ್ಕೆ ಬರುವುದಿಲ್ಲ.

ವೈರ್ ಹಚ್ಚುವ ಮೆಷಿನ್: ಬಯೋಇಂಪೀಡೆನ್ಸ್

ಆ ಪ್ರಶ್ನೆಗೆ ಹಾಸಿಗೆ ಪಕ್ಕದಲ್ಲೇ ಉತ್ತರ ಹೇಳಲು ನೋಡುವುದು ಇದೊಂದೇ. ಕೈಗೆ ಎರಡು, ಕಾಲಿಗೆ ಎರಡು ಸ್ಟಿಕ್ಕರ್ ಅಂಟಿಸಿ ತುಂಬಾ ಸಣ್ಣ ಕರೆಂಟ್ ಹಾಯಿಸುತ್ತಾರೆ. ಏನೂ ಗೊತ್ತಾಗುವುದಿಲ್ಲ, ನೋಯುವುದಿಲ್ಲ. ಉಪ್ಪು ಬೆರೆತ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಕಡಿಮೆ ಫ್ರೀಕ್ವೆನ್ಸಿಯ ಕರೆಂಟ್ ಜೀವಕೋಶಗಳ ಸುತ್ತ ಬಳಸಿಕೊಂಡು ಹೋಗುತ್ತದೆ, ಹೆಚ್ಚಿನದು ಒಳಗೂ ತೂರಿ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ಕೋಶದ ಒಳಗಿನ ನೀರೆಷ್ಟು, ಹೊರಗಿನದೆಷ್ಟು ಅಂತ ಲೆಕ್ಕ ಸಿಗುತ್ತದೆ. ಡಯಾಲಿಸಿಸ್‌ನವರಿಗೆಂದೇ ಮಾಡಿದ ಫ್ರೆಸೀನಿಯಸ್ ಕಂಪನಿಯ ಬಿಸಿಎಂ ಅನ್ನುವ ಮೆಷಿನ್ 5ರಿಂದ 1000 ಕಿಲೋಹರ್ಟ್ಸ್‌ವರೆಗೆ 50 ಫ್ರೀಕ್ವೆನ್ಸಿಗಳಲ್ಲಿ ಅಳೆದು ಮೂರು ಲೆಕ್ಕ ಕೊಡುತ್ತದೆ: ಹೆಚ್ಚಿನ ನೀರು, ಕೊಬ್ಬು, ಕೊಬ್ಬಲ್ಲದ ಮೈ.

ಉದಾಹರಣೆಗೆ, ಡಯಾಲಿಸಿಸ್‌ಗೆ ಮುಂಚೆ ತೂಕ 56 ಕಿಲೋ, ಹೆಚ್ಚಿನ ನೀರು 2.6 ಲೀಟರ್ ಅಂತ ಬಂತು ಅನ್ನಿ. ಹಾಗಿದ್ದರೆ ಮೆಷಿನ್ ಪ್ರಕಾರ ನೀರು ಸಮವಾಗಿದ್ದಾಗ ಈ ಮನುಷ್ಯನ ತೂಕ 53.4. ಆರೋಗ್ಯವಂತರಲ್ಲಿ ಈ ಹೆಚ್ಚಿನ ನೀರಿನ ಸಂಖ್ಯೆ ಸೊನ್ನೆಯ ಆಚೀಚೆ 1.1 ಲೀಟರ್ ಒಳಗೆ ಇರುತ್ತದೆ. ಕೋಶದ ಹೊರಗಿನ ನೀರಿನ ಶೇಕಡಾ 15ಕ್ಕಿಂತ ಹೆಚ್ಚಾದರೆ ಅಪಾಯದ ಗುಂಪು ಅಂತ 2009ರಿಂದ ಲೆಕ್ಕ ಹಿಡಿಯುತ್ತಾರೆ. ಬಳೆ ಜಾರಿದ ಆ ಅಮ್ಮನಿಗೆ ಈ ಅಳತೆ ತಿಂಗಳಿಗೊಮ್ಮೆ ಆಗಿದ್ದಿದ್ದರೆ ತೂಕ ನಿಂತಲ್ಲೇ ನಿಂತು ಒಳಗೆ ಮಾಂಸ ಇಳಿಯುತ್ತ ನೀರು ಏರುತ್ತ ಹೋದದ್ದು ಕಾಗದದ ಮೇಲೆ ಕಾಣುತ್ತಿತ್ತು. ನನಗೆ ಈಗಲೂ ಹಾಗೆ ಅನ್ನಿಸುತ್ತದೆ.

ಹಾಗಂತ ಇದರ ಸಂಖ್ಯೆಯೇ ಅಂತಿಮ ಅಲ್ಲ. ಯಾವ ಚಿಕಿತ್ಸೆ, ಪರೀಕ್ಷೆ ಬಳಸಬೇಕು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಇದನ್ನು ಎಲ್ಲ ಕಡೆ ರೂಢಿಗೆ ತರುವಷ್ಟು ಪುರಾವೆ ಇನ್ನೂ ಇಲ್ಲ ಅಂದಿತು. ಅಲ್ಲೇ ನಡೆದ ಬಿಸ್ಟ್ರೋ ಅಧ್ಯಯನದ ಫಲ 2023ರಲ್ಲಿ ಬಂತು. ಹೊಸದಾಗಿ ಡಯಾಲಿಸಿಸ್ ಶುರು ಮಾಡಿದವರಲ್ಲಿ ಇನ್ನೂ ಬರುತ್ತಿರುವ ಮೂತ್ರವನ್ನು ಉಳಿಸಲು ಈ ಮೆಷಿನ್ ಸಹಾಯ ಮಾಡುತ್ತದಾ ಅಂತ ನೋಡಿದ್ದರು. ಕ್ರಮಬದ್ಧವಾಗಿ ಕೈಯಿಂದ ಪರೀಕ್ಷೆ ಮಾಡಿದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನನಗೆ ಇದರಲ್ಲಿ ಒಳ್ಳೆಯ ಸುದ್ದಿಯೂ ಕಾಣುತ್ತದೆ: ಮೆಷಿನ್ ಇಲ್ಲದ ಊರಿನಲ್ಲೂ ತಪ್ಪದೆ, ಕ್ರಮವಾಗಿ ನೋಡಿದರೆ ನಿಮ್ಮವರು ಹಿಂದೆ ಬೀಳುವುದಿಲ್ಲ.

ಮಾಡಿಸುವಾಗ ಕೆಲವು ಗಮನಿಸಿ. ಡಯಾಲಿಸಿಸ್‌ಗೆ ಮುಂಚೆ, ಅಂಗಾತ ಮಲಗಿ ಕೆಲವು ನಿಮಿಷ ಆದ ಮೇಲೆ ಅಳೆಯಬೇಕು. ಫಿಸ್ಟುಲಾ ಇಲ್ಲದ ಕಡೆ, ಪ್ರತಿ ಸಲವೂ ಅದೇ ಕಡೆ. ಸ್ಟಿಕ್ಕರ್‌ಗೆ ಬಳೆ, ಕಾಲ್ಗೆಜ್ಜೆ ತಾಗಬಾರದು. ಪೇಸ್‌ಮೇಕರ್ ಇದ್ದವರಿಗೆ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದವರಲ್ಲಿ ಸಂಖ್ಯೆ ನಂಬಲಾಗದು. ಊಟ ಸೇರದೆ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ತೀರಾ ಕಡಿಮೆ ಇರುವವರಲ್ಲಿ ಮೆಷಿನ್ ‘ಮೂರು ಲೀಟರ್ ಜಾಸ್ತಿ’ ಅನ್ನಬಹುದು. ಆದರೆ ಆ ನೀರು ರಕ್ತನಾಳದಲ್ಲಿ ಇರುವುದಿಲ್ಲ, ಮೈಯ ಸಂದುಗಳಲ್ಲಿ ಇರುತ್ತದೆ. ಒಂದೇ ದಿನ ಎಳೆದರೆ ಬಿಪಿ ಕುಸಿಯುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆನ್‌ಲೈನ್‌ನಲ್ಲಿ ಸಿಗುವ, ಬರಿಗಾಲಲ್ಲಿ ನಿಂತರೆ ಮೊಬೈಲಿಗೆ ‘ಮಸಲ್ ಇಷ್ಟು, ಫ್ಯಾಟ್ ಇಷ್ಟು’ ಅಂತ ಕಳಿಸುವ ಸ್ಮಾರ್ಟ್ ತಕ್ಕಡಿಯನ್ನು ಇದಕ್ಕಾಗಿ ಕೊಳ್ಳಬೇಡಿ. ಮೈಯಲ್ಲಿ ನೀರು ಎಲ್ಲರಲ್ಲಿ ಇರುವಷ್ಟೇ ಇದೆ ಅಂತ ಮೊದಲೇ ಅಂದುಕೊಂಡು ಅದು ಲೆಕ್ಕ ಹಾಕುತ್ತದೆ. ನಿಮ್ಮವರಲ್ಲಿ ತಪ್ಪಿರುವುದೇ ಅದು. ಎರಡು ಲೀಟರ್ ನೀರು ಸೇರಿದರೆ ‘ಮಸಲ್ ಹೆಚ್ಚಾಗಿದೆ’ ಅಂತ ತೋರಿಸುತ್ತದೆ. ತೂಕ ಸರಿಯಾಗಿ ತೋರಿಸುವ ಸಾದಾ ಡಿಜಿಟಲ್ ತಕ್ಕಡಿ ಸಾಕು.

ಶ್ವಾಸಕೋಶದ ಸ್ಕ್ಯಾನ್

ಇದು ಎಕ್ಸ್‌ರೇ ಅಲ್ಲ, ಅಲ್ಟ್ರಾಸೌಂಡ್. ಎದೆಯ ಮೇಲೆ ಜೆಲ್ ಹಚ್ಚಿ ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟರೆ, ಶ್ವಾಸಕೋಶದಲ್ಲಿ ನೀರು ಸೇರಿದ ಕಡೆ ಮೇಲಿನಿಂದ ಕೆಳಗೆ ಬಿಳಿ ಗೆರೆಗಳು ಧೂಮಕೇತುವಿನ ಬಾಲದ ಹಾಗೆ ಇಳಿಯುತ್ತವೆ. ಅವನ್ನು ಎಣಿಸುತ್ತಾರೆ. ಸ್ಟೆತೋಸ್ಕೋಪಿಗೆ ಸದ್ದು ಕೇಳುವ ಮೊದಲೇ ಗೆರೆ ಕಾಣಬಹುದು, ಇದರ ದೊಡ್ಡ ಗುಣ ಅದು. ಕೆಲವೇ ನಿಮಿಷದ ಕೆಲಸ. ಪೇಸ್‌ಮೇಕರ್ ಇದ್ದರೂ, ಕಾಲು ಇಲ್ಲದಿದ್ದರೂ ತೊಂದರೆ ಇಲ್ಲ.

ಆದರೆ ಮಾಂಸದ ಬಗ್ಗೆ ಇದು ಏನೂ ಹೇಳುವುದಿಲ್ಲ. ನೀರು ತೀರಾ ಕಡಿಮೆ ಆಗಿದೆಯಾ ಅನ್ನುವುದನ್ನೂ ಹೇಳುವುದಿಲ್ಲ. ನ್ಯುಮೋನಿಯಾ, ಶ್ವಾಸಕೋಶದ ಹಳೆಯ ಗಾಯ, ಹೃದಯದ ದುರ್ಬಲತೆ ಇದ್ದರೂ ಗೆರೆ ಬರುತ್ತವೆ. ಯುರೋಪಿನಲ್ಲಿ ಹೃದಯದ ಅಪಾಯ ಹೆಚ್ಚಿದ್ದ ರೋಗಿಗಳಲ್ಲಿ ನಡೆದ ಲಸ್ಟ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸ್ಕ್ಯಾನ್ ನೋಡಿ ನೀರು ತೆಗೆದವರ ಶ್ವಾಸಕೋಶ ಹಗುರಾಯಿತು ನಿಜ. ಸಾವು, ಹೃದಯಾಘಾತ, ಹಾರ್ಟ್ ಫೇಲ್ಯೂರ್ ಎಲ್ಲ ಸೇರಿಸಿ ನೋಡಿದ ಮುಖ್ಯ ಲೆಕ್ಕದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಬರಲಿಲ್ಲ.

ನಮ್ಮ ಸಣ್ಣ ಊರುಗಳಲ್ಲಿ ಇನ್ನೊಂದು ಅಡ್ಡಿಯಿದೆ. ಭ್ರೂಣ ಲಿಂಗ ಪತ್ತೆ ತಡೆಯಲು ತಂದ 1994ರ ಕಾಯ್ದೆಯಿಂದಾಗಿ ನಮ್ಮ ದೇಶದಲ್ಲಿ ಪ್ರತಿ ಅಲ್ಟ್ರಾಸೌಂಡ್ ಮೆಷಿನ್ನೂ ನೋಂದಣಿ ಆಗಿರಬೇಕು. ಆ ಕಾನೂನು ಬೇಕೇ ಬೇಕು. ಆದರೆ ಅದರಿಂದ ಡಯಾಲಿಸಿಸ್ ಯೂನಿಟ್‌ಗೆ ಸುಮ್ನೆ ಒಂದು ಪುಟ್ಟ ಸ್ಕ್ಯಾನರ್ ತಂದಿಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಇದನ್ನು ರೂಢಿಯ ಪರೀಕ್ಷೆ ಮಾಡಿಕೊಳ್ಳುವ ಬದಲು, ಅನುಮಾನ ಬಂದಾಗ ಕೇಳಿ ಮಾಡಿಸುವ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಮಲಗಿದರೆ ಕೆಮ್ಮು, ಎರಡು ದಿಂಬು ಬೇಕಾಗುತ್ತದೆ, ಕಾಲು ಬಾವು ಮಾತ್ರ ಇಲ್ಲ ಅನ್ನುವವರಿಗೆ ಇದು ಬಹಳ ಉಪಯೋಗ.

ಉಳಿದವು, ಚುಟುಕಾಗಿ

ಹೊಟ್ಟೆಯ ದೊಡ್ಡ ರಕ್ತನಾಳ ಎಷ್ಟು ಹಿಗ್ಗಿದೆ ಅಂತ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಉಸಿರಿನ ಜೊತೆ, ಹೃದಯದ ಕಾಯಿಲೆ ಜೊತೆ ಅದು ಬದಲಾಗುತ್ತದೆ, ಅದೊಂದನ್ನೇ ನೆಚ್ಚುವಂತಿಲ್ಲ. ಎದೆಯ ಎಕ್ಸ್‌ರೇ ಅಗ್ಗ, ಹಳೆಯದರ ಪಕ್ಕ ಹೊಸದನ್ನು ಇಟ್ಟು ಹೃದಯದ ಅಗಲ ನೋಡಲು ಒಳ್ಳೆಯದು. ಹೃದಯದ ಮೇಲಿನ ಒತ್ತಡ ತೋರಿಸುವ ಎನ್‌ಟಿ ಪ್ರೊಬಿಎನ್‌ಪಿ ಅನ್ನುವ ರಕ್ತ ಪರೀಕ್ಷೆ ಕಿಡ್ನಿ ಹೋದವರಲ್ಲಿ ಹೇಗೂ ಏರಿರುತ್ತದೆ. ಒಂದೇ ಸಲ ನೋಡಿ ಹೆದರಬೇಡಿ, ನನ್ನ ಮಟ್ಟಿಗೆ ದುಡ್ಡು ಕೊಟ್ಟು ಪದೇಪದೇ ಮಾಡಿಸುವಂಥದ್ದೂ ಅಲ್ಲ.

ಕೆಲವು ಡಯಾಲಿಸಿಸ್ ಮೆಷಿನ್‌ಗಳಲ್ಲೇ ರಕ್ತ ಎಷ್ಟು ಗಟ್ಟಿಯಾಗುತ್ತಿದೆ ಅಂತ ಗೆರೆ ಎಳೆದು ತೋರಿಸುವ ಸೌಲಭ್ಯ ಇದೆ. ಇಂಥ ಗೆರೆಯನ್ನು ನಂಬಿ ನಡೆಸಿದ 443 ಜನರ ಕ್ಲಿಂಬ್ ಅಧ್ಯಯನದಲ್ಲಿ, 2005ರಲ್ಲಿ, ಆಸ್ಪತ್ರೆಗೆ ಸೇರುವುದು ಕಡಿಮೆಯಾಗುವ ಬದಲು ಜಾಸ್ತಿಯೇ ಆಯಿತು. ಮೆಷಿನ್‌ನಲ್ಲಿ ಇದ್ದರೆ ನೋಡಿಕೊಳ್ಳಲಿ, ಅದಕ್ಕಾಗಿಯೇ ಆಸ್ಪತ್ರೆ ಬದಲಿಸಬೇಡಿ.

ಮಾಂಸ ಅಳೆಯುವುದು ಹೇಗೆ

ಜನ ನೀರಿನ ಬಗ್ಗೆ ಕೇಳುತ್ತಾರೆ, ಮಾಂಸದ ಬಗ್ಗೆ ಕೇಳುವವರು ಕಡಿಮೆ. ನನಗೆ ಬೇಜಾರಾಗುವುದು ಅದಕ್ಕೇ. ಮಾಂಸ ಕರಗುವುದು ಗೊತ್ತಾಗದೆ ಇದ್ದರೆ ನೀರಿನ ಲೆಕ್ಕ ಯಾವತ್ತೂ ಸರಿ ಬರುವುದಿಲ್ಲ.

ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಡೆಕ್ಸಾ ಸ್ಕ್ಯಾನ್ ಇದೆ. ಕೊಬ್ಬು, ಮೂಳೆ ಚೆನ್ನಾಗಿ ಅಳೆಯುತ್ತದೆ. ಆದರೆ ಸೇರಿಕೊಂಡ ನೀರನ್ನು ಅದು ಮಾಂಸದ ಲೆಕ್ಕಕ್ಕೇ ಹಾಕುತ್ತದೆ. ಡಯಾಲಿಸಿಸ್ ಆದ ಮೇಲೆ ಮಾಡಿಸಿದರೆ ಸ್ವಲ್ಪ ವಾಸಿ. ಮೂಳೆಯ ಸಲುವಾಗಿ ಹೇಗೂ ಮಾಡಿಸುತ್ತಿದ್ದರೆ ಸರಿ, ಇದಕ್ಕೆಂದೇ ಬೇಡ.

ನಾನು ಎಲ್ಲರಿಗೂ ಹೇಳುವುದು ಮುಷ್ಟಿಯ ಬಲದ ಅಳತೆ. ಹಿಡಿ ಇರುವ ಒಂದು ಸಣ್ಣ ಉಪಕರಣವನ್ನು ಜೋರಾಗಿ ಹಿಸುಕಿದರೆ ಎಷ್ಟು ಕಿಲೋ ಬಲ ಅಂತ ತೋರಿಸುತ್ತದೆ. ಮೈಯಲ್ಲಿ ನೀರು ಸೇರಿತು ಅಂತ ಮುಷ್ಟಿಗೆ ಬಲ ಬರುವುದಿಲ್ಲ, ಅದಕ್ಕೇ ಇದನ್ನು ನೀರು ಸುಲಭಕ್ಕೆ ಮೋಸ ಮಾಡಲಾರದು. ಏಷ್ಯಾದವರಿಗಾಗಿ 2019ರಲ್ಲಿ ಹೇಳಿದ ಗಡಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಅದಕ್ಕಿಂತ ಕಡಿಮೆ ಬಂದರೆ ಬಲ ಕುಗ್ಗಿದೆ ಅಂತ ಅರ್ಥ. ಡಯಾಲಿಸಿಸ್‌ಗೆ ಮುಂಚೆ ಕೂತು, ಮೊಣಕೈ ಮಡಚಿ, ಫಿಸ್ಟುಲಾ ಇಲ್ಲದ ಕೈಯಲ್ಲಿ ಮೂರು ಸಲ ಹಿಸುಕಿಸಿ ಹೆಚ್ಚು ಬಂದದ್ದನ್ನು ಬರೆದುಕೊಳ್ಳಿ. ಕೈಬೆರಳಿಗೆ ಸಂಧಿವಾತ ಇದ್ದರೆ ಅಥವಾ ಆ ಕಡೆ ಪಾರ್ಶ್ವವಾಯು ಆಗಿದ್ದರೆ ಇದು ಹೊಂದುವುದಿಲ್ಲ.

ಅದೂ ಇಲ್ಲವಾ? ದರ್ಜಿಯ ಟೇಪು ತನ್ನಿ. ಭುಜದ ತುದಿಯಿಂದ ಮೊಣಕೈ ತುದಿವರೆಗೆ ಅಳೆದು, ನಡು ಮಧ್ಯಕ್ಕೆ ಪೆನ್ನಿನಲ್ಲಿ ಚುಕ್ಕಿ ಇಟ್ಟು, ಅಲ್ಲಿ ತೋಳಿನ ಸುತ್ತಳತೆ ತೆಗೆಯಿರಿ. ಡಯಾಲಿಸಿಸ್ ಆದ ಮೇಲೆ, ತಿಂಗಳಿಗೊಮ್ಮೆ, ಅದೇ ಕೈ. ಮೂರು ತಿಂಗಳಲ್ಲಿ ಸುತ್ತಳತೆ ಇಳಿಯುತ್ತ ಹೋಗಿ ತೂಕ ಮಾತ್ರ ಹಾಗೇ ಇದ್ದರೆ ಅದನ್ನು ಡಾಕ್ಟರಿಗೆ ತೋರಿಸಲೇಬೇಕು.

ಇನ್ನೊಂದು ಸುಳಿವು ನಿಮ್ಮ ರಿಪೋರ್ಟಿನಲ್ಲೇ ಇದೆ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಒಂದು ಕಸ, ಇಳಿದರೆ ಮನೆಯವರು ಖುಷಿ ಪಡುತ್ತಾರೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಮೂತ್ರ ಹೆಚ್ಚಾಗಿಲ್ಲ, ಡಯಾಲಿಸಿಸ್ ಅಷ್ಟೇ ಇದೆ, ಆದರೂ ತಿಂಗಳಿಂದ ತಿಂಗಳಿಗೆ 9, 8, 6.5 ಅಂತ ಇಳಿಯುತ್ತಿದ್ದರೆ ಕಿಡ್ನಿ ಸುಧಾರಿಸಿತು ಅಂತಲ್ಲ, ಮಾಂಸ ಕರಗುತ್ತಿರಬಹುದು.

ನಿಮಗೆ ಯಾವುದು

ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ವಾರಕ್ಕೆ ಎರಡು ಸಲ ಮಾಡಿಸಿಕೊಳ್ಳುವವರಿಗೆ ನನ್ನ ಸಲಹೆ: ತೂಕ ಸರಿಯಾಗಿ, ಮನೆಯಲ್ಲಿ ಬೆಳಗ್ಗೆ ಬಿಪಿ, ತಿಂಗಳಿಗೊಮ್ಮೆ ಟೇಪು. ಒಂದು ನೋಟ್‌ಬುಕ್ ಇಡಿ. ಎರಡು ಡಯಾಲಿಸಿಸ್ ನಡುವೆ ಅಂತರ ಜಾಸ್ತಿ ಇರುವುದರಿಂದ ನಿಮಗೆ ಉಪ್ಪೇ ದೊಡ್ಡ ವಿಷಯ. ಮೈಗೆ ಸೇರಿದ ಎಂಟು ಗ್ರಾಂ ಉಪ್ಪು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಿಟ್ಟರೆ ಯಾವ ಸ್ಕ್ಯಾನ್‌ಗಿಂತಲೂ ಹೆಚ್ಚು ಉಪಕಾರ.

ತಿಂಗಳಿಗೆ ಸ್ವಲ್ಪ ಖರ್ಚು ಮಾಡಬಲ್ಲವರು, ಹತ್ತಿರದಲ್ಲಿ ಬಯೋಇಂಪೀಡೆನ್ಸ್ ಇದ್ದರೆ, ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಮಾಡಿಸಿ. ಬಿಪಿಗೆ ಮೂರು ಮಾತ್ರೆ ದಾಟಿದ್ದರೆ ಅಥವಾ ಪ್ರತಿ ಸಲವೂ ಕಾಲು ಹಿಡಿಯುತ್ತಿದ್ದರೆ ಇದಕ್ಕೆ ಕೊಟ್ಟ ದುಡ್ಡು ಸಾರ್ಥಕ. ಎಲ್ಲ ಸರಿಯಾಗಿದ್ದು, ಇನ್ನೂ ಮೂತ್ರ ಚೆನ್ನಾಗಿ ಬರುವವರು ಮೆಷಿನ್ ಹೇಳಿತು ಅಂತ ತೂಕ ಇಳಿಸಲು ಆತುರ ಪಡಬೇಡಿ. ತೀರಾ ಒಣಗಿಸಿದರೆ ಇರುವ ಮೂತ್ರವೂ ನಿಲ್ಲಬಹುದು.

ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಎಕೋ (ಹೃದಯದ ಸ್ಕ್ಯಾನ್) ಜೊತೆ ಶ್ವಾಸಕೋಶದ ಸ್ಕ್ಯಾನ್. ಪೇಸ್‌ಮೇಕರ್ ಇರುವವರಿಗೆ, ಕಾಲು ತೆಗೆದವರಿಗೂ ಅದೇ, ಜೊತೆಗೆ ಮುಷ್ಟಿಯ ಬಲ. ಹೊಟ್ಟೆಯಿಂದ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರು ಒಂದು ಮರೆಯಬೇಡಿ: ಹೊಟ್ಟೆಯೊಳಗಿನ ಎರಡು ಲೀಟರ್ ದ್ರವವೂ ತಕ್ಕಡಿಯಲ್ಲಿ ಎರಡು ಕಿಲೋ. ದಿನಾ ಒಂದೋ ತುಂಬಿದಾಗ, ಒಂದೋ ಖಾಲಿ ಇದ್ದಾಗ, ಯಾವುದಾದರೂ ಒಂದೇ ಹೊತ್ತಿನಲ್ಲಿ ತೂಕ ನೋಡಿ.

ಯಾವ ಅಳತೆ ಆರಿಸಿಕೊಂಡರೂ ಡ್ರೈ ವೆಯ್ಟನ್ನು ನೀವಾಗಿ ಬದಲಿಸಲು ಹೇಳಬೇಡಿ. ಡಾಕ್ಟರು ಒಪ್ಪಿದ ಮೇಲೆ ಸಾಮಾನ್ಯವಾಗಿ ಒಂದು ಸಲಕ್ಕೆ ಇನ್ನೂರು ಮುನ್ನೂರು ಗ್ರಾಂ ಇಳಿಸಿ ನೋಡುತ್ತಾರೆ. ಗಂಟೆಗೆ, ತೂಕದ ಒಂದು ಕಿಲೋಗೆ 13 ಎಂಎಲ್‌ಗಿಂತ ವೇಗವಾಗಿ ನೀರು ಎಳೆಯದಿದ್ದರೆ ಒಳ್ಳೆಯದು. 50 ಕಿಲೋ ಇರುವವರಿಗೆ ನಾಲ್ಕು ಗಂಟೆಗೆ ಅದು 2.6 ಲೀಟರ್. ಮಲಗಲು ಆಗದಷ್ಟು ಉಸಿರು ಕಟ್ಟಿದರೆ ಅಳತೆ ಗಿಳತೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಮತ್ತೆ ಯಾರಾದರೂ ಜ್ವರ, ನ್ಯುಮೋನಿಯಾ, ಆಪರೇಷನ್ ಅಂತ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದರೆ ಹಳೆಯ ಡ್ರೈ ವೆಯ್ಟ್ ನಡೆಯುವುದಿಲ್ಲ. ಆ ಹತ್ತು ದಿನದಲ್ಲಿ ಮಾಂಸ ಇಳಿದೇ ಇರುತ್ತದೆ. ಮೊದಲ ದಿನವೇ ಕೇಳಿ: ‘ಇವರ ಡ್ರೈ ವೆಯ್ಟ್ ಮತ್ತೆ ನೋಡ್ತೀರಾ?’ ಆ ಅಮ್ಮ ಎಮರ್ಜೆನ್ಸಿಯಿಂದ ವಾಪಸ್ ಬಂದಾಗ ನಾವು ಅದನ್ನೇ ಮಾಡಿದೆವು. ಐದು ವಾರ ಹಿಡಿಯಿತು, 52 ಇದ್ದದ್ದು 48.5ಕ್ಕೆ ನಿಂತಿತು. ಮೂರು ಮಾತ್ರೆಯಲ್ಲಿ ಎರಡನ್ನು ಡಾಕ್ಟರು ನಿಲ್ಲಿಸಿದರು. ಆಮೇಲೆ ಊಟ ಸೇರತೊಡಗಿತು. ದಿನಕ್ಕೆ ಎರಡು ಮೊಟ್ಟೆಯ ಬಿಳಿ ಭಾಗ ತಿನ್ನಲು ಶುರು ಮಾಡಿದರು. ಆರು ತಿಂಗಳಿಗೆ ಡ್ರೈ ವೆಯ್ಟನ್ನು 49.5ಕ್ಕೆ ಏರಿಸಬೇಕಾಯಿತು. ಆ ಒಂದು ಕಿಲೋ ನೀರಲ್ಲ ಅಂತ ತೋಳಿಗೆ ಸುತ್ತಿದ ಟೇಪು ಹೇಳಿತು.